ಆ್ಯಪ್ ಅಳಿಸಿದರೆ ಸಾಲದು, ಖಾತೆಯನ್ನೂ ಮುಚ್ಚಿಸಿ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಚಿಂತೆ ಹೊತ್ತು ಬಂದಿವೆ: ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಟ್ಟ ಹೆಸರು, ಫೋಟೊ, ಫೋನ್ ನಂಬರು ಈಗ ಯಾರ ಕೈಯಲ್ಲಿವೆ, ಅವನ್ನು ವಾಪಸ್ ಪಡೆಯುವುದು ಹೇಗೆ? ಬರೆದವರು ಗುರುತು ಬೇಡವೆಂದು ಕೋರಿರುವುದರಿಂದ ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ರೇಷ್ಮೆ ನೂಲು ತೆಗೆಯುವ ರೀಲರ್. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಗಳಿಗೆಂದು ಒಂದು ಪಾಠದ ಆ್ಯಪ್ ಹಾಕಿಸಿದ್ದೆ. ಆಗ ಅವಳು ಐದನೇ ಕ್ಲಾಸು, ಈಗ ಹತ್ತನೇ ಕ್ಲಾಸು. ಆ್ಯಪ್ ಡಿಲೀಟ್ ಮಾಡಿ ವರ್ಷಗಳೇ ಆದವು. ಆದರೂ ಗೂಡು ಮಾರ್ಕೆಟ್ಟಿನಲ್ಲಿ ಹರಾಜು ನಡೆಯುವ ಹೊತ್ತಿಗೇ ಫೋನ್ ಮಾಡುತ್ತಾರೆ. ಮಗಳ ಹೆಸರು, ಈಗಿನ ಕ್ಲಾಸು ಎಲ್ಲ ಹೇಳುತ್ತಾರೆ. ಈಗ ಸೇರಿಸದಿದ್ದರೆ ಅವಳ ಭವಿಷ್ಯ ಹಾಳು ಅನ್ನುತ್ತಾರೆ. ಯಾರಾದರೂ ನನ್ನ ಫೋನ್ ಹ್ಯಾಕ್ ಮಾಡಿದ್ದಾರಾ ಸಾರ್?
— ಒಬ್ಬ ತಂದೆ, ಶಿಡ್ಲಘಟ್ಟ

ಉತ್ತರ: ಮಗಳ ಹೆಸರನ್ನು ಅಪರಿಚಿತರ ಬಾಯಲ್ಲಿ ಕೇಳಿದರೆ ಯಾವ ತಂದೆಗೂ ಗಾಬರಿಯಾಗುತ್ತದೆ. ಆದರೆ ನಿಮ್ಮ ಫೋನ್ ಹ್ಯಾಕ್ ಆಗಿದೆ ಎನ್ನಲು ನೀವು ಹೇಳಿದ ವಿವರಗಳಲ್ಲಿ ಕಾರಣ ಕಾಣುವುದಿಲ್ಲ. ಅಂದು ನೋಂದಣಿ ಮಾಡುವಾಗ ನೀವು ‘ಐದನೇ ತರಗತಿ’ ಎಂದು ತುಂಬಿದ್ದಿರಿ. ಅದಕ್ಕೆ ಕಳೆದ ಐದು ವರ್ಷ ಕೂಡಿಸಿದರೆ ಹತ್ತನೇ ತರಗತಿ. ಅಷ್ಟು ಲೆಕ್ಕ ಹಾಕಲು ಯಾರೂ ನಿಮ್ಮ ಮನೆಯೊಳಗೆ ಇಣುಕಬೇಕಿಲ್ಲ.

ತೊಡಕು ಇರುವುದು ಬೇರೆ ಕಡೆ. ನೀವು ಅಳಿಸಿದ್ದು ಫೋನಿನಲ್ಲಿದ್ದ ಆ್ಯಪನ್ನು ಮಾತ್ರ. ಖಾತೆ ಕಂಪನಿಯ ಸರ್ವರ್‌ನಲ್ಲಿ (ಮಾಹಿತಿ ಕೂಡಿಡುವ ದೂರದ ಕಂಪ್ಯೂಟರ್) ಹಾಗೇ ಇದೆ. ಪಾಸ್‌ಬುಕ್ ಹರಿದು ಹಾಕಿದ ಮಾತ್ರಕ್ಕೆ ಬ್ಯಾಂಕ್ ಖಾತೆ ಮುಚ್ಚುವುದಿಲ್ಲವಲ್ಲ, ಇದೂ ಹಾಗೆಯೇ.

ಮುಚ್ಚಿಸುವ ಕ್ರಮ ಹೀಗಿದೆ. ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನ ಪುಟ ತೆರೆದು ‘ಡೇಟಾ ಸೇಫ್ಟಿ’ ಎಂಬ ಭಾಗ ನೋಡಿ. ಖಾತೆ ತೆರೆಸುವ ಆ್ಯಪ್‌ಗಳು ಖಾತೆ ಅಳಿಸುವ ದಾರಿಯನ್ನು ಆ್ಯಪ್‌ನೊಳಗೂ ಜಾಲತಾಣದಲ್ಲೂ ಕೊಡಬೇಕೆಂಬ ನಿಯಮವನ್ನು ಗೂಗಲ್ 2024ರಿಂದ ಜಾರಿಗೆ ತಂದಿದೆ. ಐಫೋನ್ ಆ್ಯಪ್‌ಗಳಿಗೆ ಆ್ಯಪಲ್ 2022ರಲ್ಲೇ ಇಂಥ ನಿಯಮ ಮಾಡಿತು. ಆದ್ದರಿಂದ ಎಷ್ಟೋ ಸಲ ಆ್ಯಪನ್ನು ಮತ್ತೆ ಹಾಕಿಕೊಳ್ಳುವ ಅಗತ್ಯವೂ ಬೀಳುವುದಿಲ್ಲ. ಆ್ಯಪ್ ತೆರೆದೇ ಮಾಡುವುದಾದರೆ ‘ಪ್ರೊಫೈಲ್’ ಅಥವಾ ‘ಸೆಟ್ಟಿಂಗ್ಸ್’ ಒಳಗೆ ‘ಡಿಲೀಟ್ ಅಕೌಂಟ್’ ಹುಡುಕಿ. ‘ಲಾಗ್ ಔಟ್’ ಒತ್ತಿದರೆ ನೀವು ಹೊರಗೆ ಬರುತ್ತೀರಿ, ಖಾತೆ ಇರುತ್ತದೆ. ‘ಡಿಆ್ಯಕ್ಟಿವೇಟ್’ ಒತ್ತಿದರೆ ಖಾತೆ ಮಲಗುತ್ತದೆ, ಅಳಿಯುವುದಿಲ್ಲ.

ಪ್ಲೇ ಸ್ಟೋರಿನಲ್ಲೂ ಆ್ಯಪ್‌ನೊಳಗೂ ಖಾತೆ ಅಳಿಸುವ ದಾರಿ ಸಿಗದಿದ್ದರೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ (ಗ್ರಾಹಕರ ದೂರು ಆಲಿಸುವ ಅಧಿಕಾರಿ) ಇಮೇಲ್ ಬರೆಯಿರಿ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಈ ಅಧಿಕಾರಿಯ ಹೆಸರು, ವಿಳಾಸ ಜಾಲತಾಣದಲ್ಲಿರಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಪತ್ರ ಉದ್ದ ಬೇಡ, ಇಷ್ಟು ಸಾಕು: ‘ಈ ನಂಬರಿನಲ್ಲಿ ನನ್ನ ಅಪ್ರಾಪ್ತ ಮಗಳ ಹೆಸರಿನ ಖಾತೆ ಇದೆ. ಆಕೆಯ ವಿವರ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದೆ ಪಡೆಯುತ್ತಿದ್ದೇನೆ. ಖಾತೆ, ಅಂಕ, ಫೋಟೊ, ಧ್ವನಿಮುದ್ರಣ ಎಲ್ಲವನ್ನೂ ಅಳಿಸಿ. ನೀವು ಯಾರಿಗೆ ಈ ವಿವರ ಕೊಟ್ಟಿದ್ದೀರೋ ಅವರಿಂದಲೂ ಅಳಿಸಿಸಿ. ಮುಗಿದ ಮೇಲೆ ಬರವಣಿಗೆಯಲ್ಲಿ ತಿಳಿಸಿ.’ ಕಳಿಸಿದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕರೆಗಳಿಗೆ ಬೇರೆ ಮದ್ದು. 1909ಕ್ಕೆ ‘START 0’ ಎಂದು ಎಸ್‌ಎಂಎಸ್ ಕಳಿಸಿದರೆ ಪ್ರಚಾರದ ಕರೆಗಳಿಗೆ ತಡೆ ಬೀಳುತ್ತದೆ. ಆಮೇಲೂ ಬಂದರೆ ಕರೆ ಬಂದ ಏಳು ದಿನದೊಳಗೆ ಅದೇ 1909ಕ್ಕೆ ದೂರು ಕೊಡಿ. ಇನ್ನು ‘ಭವಿಷ್ಯ ಹಾಳು’ ಎಂಬ ಮಾತು. ಇಂಥದ್ದನ್ನು ಕೇಳಿಸಿಕೊಂಡವರು ನೀವೊಬ್ಬರೇ ಅಲ್ಲ. ಮಕ್ಕಳ ಮತ್ತು ಪೋಷಕರ ನಂಬರುಗಳನ್ನು ಕೊಂಡು ಬೆನ್ನುಬಿದ್ದು ಮಾರಾಟ ಮಾಡಲಾಗುತ್ತಿದೆ ಎಂಬ ಆರೋಪದ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವು 2022ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಪಾಠ ಮಾರುವ ಬೆಂಗಳೂರಿನ ಬೈಜೂಸ್ ಕಂಪನಿಯ ಮುಖ್ಯಸ್ಥರನ್ನು ಕರೆಸಿತ್ತು. ಕಂಪನಿ ಆ ಆರೋಪವನ್ನು ಅಲ್ಲಗಳೆಯಿತು. ನಿಮಗೆ ಬೇಕಾದ ಪಾಠ ಇಷ್ಟೇ: ಹೆದರಿಸಿ ಮಾರುವವರಿಗೆ ಉತ್ತರ ಕೊಡುವ ಋಣ ನಿಮಗಿಲ್ಲ. ಫೋನ್ ಇಟ್ಟುಬಿಡಿ.

ಪ್ರಶ್ನೆ: ಮನೆಗೆ ಬಂದ ಹುಡುಗ ನನ್ನ ಫೋನನ್ನೇ ತೆಗೆದುಕೊಂಡು ಏನೇನೋ ಒತ್ತಿ ಮಗನಿಗೆ ಕೋರ್ಸ್ ಹಾಕಿಕೊಟ್ಟ. ಮಗ ಎರಡು ವಾರ ನೋಡಿ ಬಿಟ್ಟ. ಪ್ರತಿ ತಿಂಗಳು ದುಡ್ಡು ಕಟ್ ಆಗುತ್ತಿದೆ. ಖಾತೆ ಅಳಿಸಿ ಎಂದರೆ ‘ಲೋನ್ ಮುಗಿಯುವ ತನಕ ಆಗಲ್ಲ ಮೇಡಂ’ ಅನ್ನುತ್ತಾರೆ. ನಾನು ಲೋನ್ ತೆಗೆದುಕೊಂಡದ್ದೇ ನನಗೆ ಗೊತ್ತಿಲ್ಲ. ಯಜಮಾನರಿಗೆ ಹೇಳಲು ಭಯ. ಟೊಮೆಟೊಗೆ ರೇಟಿಲ್ಲದ ಈ ಹೊತ್ತಲ್ಲಿ ಏನು ಮಾಡಲಿ?
— ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಮೊದಲು ಒಂದು ಮಾತು. ಮಗ ಚೆನ್ನಾಗಿ ಓದಲಿ ಎಂದು ಮಾಡಿದ್ದರಲ್ಲಿ ನಿಮ್ಮ ತಪ್ಪಿಲ್ಲ. ಯಜಮಾನರಿಗೆ ಇವತ್ತೇ ಹೇಳಿಬಿಡಿ. ಇಂಥ ಕೆಲಸಕ್ಕೆ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣು ಬೇಕಾಗುತ್ತದೆ.

ಈಗ ದುಡ್ಡು ಕಟ್ ಆದಾಗ ಬಂದ ಬ್ಯಾಂಕಿನ ಮೆಸೇಜ್ ತೆರೆಯಿರಿ. ಅದರಲ್ಲಿ ಯಾರ ಹೆಸರಿದೆ? ಪಾಠದ ಕಂಪನಿಯದೋ, ಗೂಗಲ್ ಪ್ಲೇಯದೋ, ಯಾವುದಾದರೂ ಫೈನಾನ್ಸ್ ಕಂಪನಿಯದೋ? ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಪಾಠದ ಕಂಪನಿಯ ಹೆಸರಿದ್ದರೆ ಅದು ಆಟೊಪೇ (ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗಲು ಕೊಟ್ಟ ಅನುಮತಿ) ಆಗಿರಬಹುದು. ನಿಮ್ಮ ಫೋನ್‌ಪೇ ಅಥವಾ ಗೂಗಲ್ ಪೇ ಒಳಗೆ ‘ಆಟೊಪೇ’ ಎಂಬ ಪಟ್ಟಿ ಇರುತ್ತದೆ. ಅಲ್ಲಿ ಆ ಕಂಪನಿಯ ಹೆಸರು ಒತ್ತಿ ರದ್ದು ಮಾಡಿ. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ. ಗೂಗಲ್ ಪ್ಲೇ ಹೆಸರಿದ್ದರೆ ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, ‘ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋಗಿ ನಿಲ್ಲಿಸಿ. ಆ್ಯಪ್ ಅಳಿಸಿದರೂ ಸಬ್‌ಸ್ಕ್ರಿಪ್ಷನ್ (ಚಂದಾ) ತಾನಾಗಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ.

ಫೈನಾನ್ಸ್ ಕಂಪನಿಯ ಹೆಸರಿದ್ದರೆ ಅದು ಸಾಲವೇ. ಕೋರ್ಸಿನ ಪೂರ್ತಿ ಹಣವನ್ನು ಅವರು ಪಾಠದ ಕಂಪನಿಗೆ ಮೊದಲೇ ಕೊಟ್ಟು, ನಿಮ್ಮಿಂದ ಕಂತಿನಲ್ಲಿ ವಸೂಲು ಮಾಡುತ್ತಿರುತ್ತಾರೆ. ಇಲ್ಲಿ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ, ಸಿಬಿಲ್ ಅಂಕ (ಸಾಲ ತೀರಿಸುವ ನಂಬಿಕೆಯ ಲೆಕ್ಕ) ಕೆಡುತ್ತದೆ. ನಾಳೆ ಬೆಳೆಸಾಲಕ್ಕೆ ಹೋದಾಗ ಅದೇ ಅಡ್ಡ ಬರಬಹುದು. ಕೋರ್ಸ್ ರದ್ದು ಮಾಡಿ ಎಂದು ಪಾಠದ ಕಂಪನಿಗೆ ಬರೆಯಿರಿ. ಅದೇ ಪತ್ರವನ್ನು ಫೈನಾನ್ಸ್ ಕಂಪನಿಗೂ ಕಳಿಸಿ, ಸಾಲದ ಒಪ್ಪಂದದ ಪ್ರತಿ ಕೇಳಿ. ಒಪ್ಪಂದಕ್ಕೆ ಯಾರ ಒಟಿಪಿ ಯಾವಾಗ ಬಳಸಿದ್ದಾರೆ ಎಂದೂ ಕೇಳಿ. ಮೂವತ್ತು ದಿನ ಕಳೆದರೂ ಫೈನಾನ್ಸ್ ಕಂಪನಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕು, ಫೈನಾನ್ಸ್ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು. ಪಾಠದ ಕಂಪನಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಷ್ಟೆಲ್ಲ ಮುಗಿಯುವವರೆಗೆ ಖಾತೆ ಅಳಿಸಬೇಡಿ. ರಸೀದಿ, ಚಾಟ್, ಮಗ ಎಷ್ಟು ಪಾಠ ನೋಡಿದ್ದ ಎಂಬ ದಾಖಲೆ ಎಲ್ಲ ಆ ಖಾತೆಯೊಳಗೇ ಇವೆ. ನಿಮ್ಮ ಪರವಾದ ಸಾಕ್ಷಿ ಅವೇ. ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಹಣದ ವಿಷಯ ಇತ್ಯರ್ಥವಾದ ಮೇಲೆ ಅಳಿಸಿ. ‘ಲೋನ್ ಮುಗಿಯುವ ತನಕ ಆಗಲ್ಲ’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ: ಸಾಲದ ಮತ್ತು ಬಿಲ್ಲಿನ ಕಾಗದಗಳನ್ನು ಅವರು ಕಾನೂನಿನ ಪ್ರಕಾರ ಇಟ್ಟುಕೊಳ್ಳಬೇಕಾಗುತ್ತದೆ. ಆದರೆ ಮಗನ ಫೋಟೊ, ಪರೀಕ್ಷೆಯ ಅಂಕಗಳಿಗೂ ಸಾಲಕ್ಕೂ ಸಂಬಂಧವಿಲ್ಲ. ಅವನ್ನು ಅಳಿಸಿ ಎಂದು ಬೇರೆಯಾಗಿಯೇ ಕೇಳಿ.

ಪ್ರಶ್ನೆ: ಮಗನ ಶಾಲೆಯಿಂದ ಆಪಾರ್ ಐಡಿಗೆ ಒಪ್ಪಿಗೆ ಪತ್ರ ಬಂದಿದೆ, ಆಧಾರ್ ಜೆರಾಕ್ಸ್ ಕೇಳಿದ್ದಾರೆ. ಸಹಿ ಹಾಕದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಬೇರೆ ಪೋಷಕರು ಹೇಳುತ್ತಿದ್ದಾರೆ. ಒಮ್ಮೆ ಕೊಟ್ಟರೆ ಜೀವನಪೂರ್ತಿ ಅಳಿಸಲಾಗದು ಎಂಬ ಭಯ. ಮೇಷ್ಟ್ರನ್ನು ಕೇಳಿದರೆ ಎದುರಾಡಿದ ಹಾಗಾಗುತ್ತದೇನೋ.
— ಒಬ್ಬ ಪೋಷಕರು, ಗೌರಿಬಿದನೂರು

ಉತ್ತರ: ಕೇಳುವುದು ಎದುರಾಡುವುದಲ್ಲ. ನಿಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಬದುಕಿಡೀ ವಿದ್ಯಾರ್ಥಿಗಳಿಗೆ ಕಲಿಸಿದ್ದು ಪ್ರಶ್ನೆ ಕೇಳುವುದನ್ನೇ. ಒಪ್ಪಿಗೆ ಪತ್ರ ಎಂದು ಹೆಸರಿಟ್ಟ ಮೇಲೆ ಒಪ್ಪದಿರುವ ಅವಕಾಶವೂ ಅದರಲ್ಲಿ ಇರಲೇಬೇಕು.

ಆಪಾರ್ ಎಂದರೆ ವಿದ್ಯಾರ್ಥಿಗೆ ಕೊಡುವ 12 ಅಂಕಿಯ ಗುರುತಿನ ಸಂಖ್ಯೆ. ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಡಿಜಿಲಾಕರ್‌ನಲ್ಲಿ (ಸರ್ಕಾರದ ಡಿಜಿಟಲ್ ದಾಖಲೆ ಪೆಟ್ಟಿಗೆ) ಒಂದೆಡೆ ಸೇರಿಸುವುದು ಅದರ ಉದ್ದೇಶ. ಅದು ಸ್ವಯಂಪ್ರೇರಿತ, ಅಪ್ರಾಪ್ತ ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು ಎಂದು ಶಿಕ್ಷಣ ಸಚಿವಾಲಯವೇ ಹೇಳಿದೆ. ಕೊಟ್ಟ ಒಪ್ಪಿಗೆಯನ್ನು ಮುಂದೆ ಹಿಂಪಡೆಯಬಹುದು. ಆದರೆ ಅಷ್ಟರೊಳಗೆ ಬಳಸಿಯಾದ ಮಾಹಿತಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಯೋಚಿಸುವುದಾದರೆ ಸಹಿಗೆ ಮುಂಚೆ ಯೋಚಿಸಿ.

ಆಧಾರ್ ಬಗ್ಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ, ಮಕ್ಕಳ ಆಧಾರ್‌ಗೆ ಪೋಷಕರ ಒಪ್ಪಿಗೆ ಬೇಕು. ಅದಕ್ಕೂ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಒಪ್ಪುವುದಿಲ್ಲ ಎಂದಾದರೆ ಪತ್ರವನ್ನು ಮನೆಯಲ್ಲೇ ಇಟ್ಟುಕೊಂಡು ಸುಮ್ಮನಾಗಬೇಡಿ. ‘ಸದ್ಯಕ್ಕೆ ಒಪ್ಪಿಗೆ ಇಲ್ಲ’ ಎಂದು ಬರೆದು ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆಯಿರಿ. ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಹಾಗೆ ಹೇಳುವ ಸುತ್ತೋಲೆಯ ಪ್ರತಿ ಕೇಳಿ. ಸಿಗದಿದ್ದರೆ ಬಿಇಒ ಕಚೇರಿಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಅರ್ಜಿ ಕೊಡಿ. ಒಪ್ಪುವುದಾದರೆ ಅದೂ ತಪ್ಪಲ್ಲ. ಆಗ ಪೂರ್ತಿ ಆಧಾರ್ ಜೆರಾಕ್ಸ್ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಾಕೇ ಎಂದು ಕೇಳಿ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದರೆ ಅಲ್ಲಿನ ಕಂಪ್ಯೂಟರಿನಲ್ಲಿ ಉಳಿದ ಫೈಲನ್ನು ನಿಮ್ಮ ಎದುರೇ ಅಳಿಸಲು ಹೇಳಿ.

ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಶಾಲೆಯ ದಾಖಲಾತಿ ವಹಿ, ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ), ಎಸ್‌ಎಸ್‌ಎಲ್‌ಸಿ ಅಂಕಗಳನ್ನು ಅಳಿಸಿ ಎಂದು ಕೇಳಿ ಉಪಯೋಗವಿಲ್ಲ. ನಾಳೆ ವರ್ಗಾವಣೆ ಪತ್ರಕ್ಕೆ, ಕೆಲಸಕ್ಕೆ ಮಗನಿಗೇ ಅವು ಬೇಕು. ಅಲ್ಲಿ ಕೇಳಬೇಕಾದ್ದು ಹೆಸರು, ಜನ್ಮದಿನಾಂಕದ ತಪ್ಪು ತಿದ್ದುಪಡಿ. ಅಳಿಸಲು ಕೇಳಬೇಕಾದ್ದು ಖಾಸಗಿ ಕಂಪನಿಗಳನ್ನು.

ಪ್ರಶ್ನೆ: ಪಿಯುಸಿ ಓದುವಾಗ ಒಂದು ಕೋಚಿಂಗ್ ಸೇರಿದ್ದೆ. ಅವರ ಆ್ಯಪ್‌ನಲ್ಲಿ ನನ್ನ ಫೋಟೊ, ಟೆಸ್ಟ್ ರ‍್ಯಾಂಕ್, ರೆಕಾರ್ಡ್ ಆದ ಲೈವ್ ಕ್ಲಾಸ್ ಎಲ್ಲ ಇದೆ. ನನ್ನ ಫೋಟೊ ಅವರ ಫ್ಲೆಕ್ಸ್‌ನಲ್ಲೂ ಬಂತು, ನನ್ನನ್ನು ಕೇಳಿರಲಿಲ್ಲ. ಆಗಿನ ಸಿಮ್ ಈಗಿಲ್ಲ, ಲಾಗಿನ್ ಆಗಲು ಆಗುತ್ತಿಲ್ಲ. ಈಗ ನನಗೆ 18 ತುಂಬಿದೆ. ಅಳಿಸಿ ಎಂದು ಕೇಳುವ ಹಕ್ಕು ನನಗಿದೆಯಾ?
— ಒಬ್ಬ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಇದೆ. ಈಗ ನೀವು ವಯಸ್ಕರಾದ್ದರಿಂದ ನಿಮ್ಮ ಹೆಸರಿನಲ್ಲೇ ಕೇಳಬಹುದು. ಅಪ್ಪ ಅಮ್ಮನ ಸಹಿ ಬೇಕಿಲ್ಲ.

ಮೊದಲು ಹಳೆಯ ನಂಬರಿನ ವಿಚಾರ. ನಿಲ್ಲಿಸಿದ ಮೊಬೈಲ್ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ. ಆಮೇಲೆ ಕೊಡಬಹುದು. ಹಾಗೆ ಪಡೆದವರು ಅದೇ ನಂಬರಿನಿಂದ ಒಟಿಪಿ ತರಿಸಿಕೊಂಡರೆ ನಿಮ್ಮ ಖಾತೆ ಅವರಿಗೆ ತೆರೆದುಕೊಳ್ಳುತ್ತದೆ. ಅದಕ್ಕೇ ತಡ ಮಾಡಬೇಡಿ. ನೋಂದಣಿಗೆ ಕೊಟ್ಟಿದ್ದ ಇಮೇಲ್‌ನಿಂದಲೇ ಕೋಚಿಂಗ್‌ನವರಿಗೆ ಬರೆಯಿರಿ. ಶುಲ್ಕದ ರಸೀದಿ, ಹಣ ಕಟ್ಟಿದ ಯುಟಿಆರ್ ಸಂಖ್ಯೆ (ಪ್ರತಿ ಪಾವತಿಗೆ ಬ್ಯಾಂಕ್ ಕೊಡುವ ಗುರುತು) ಲಗತ್ತಿಸಿ. ಅಷ್ಟರಿಂದ ಖಾತೆ ನಿಮ್ಮದೆಂದು ತೋರಿಸಬಹುದು. ಅಳಿಸಲು ಎಂದು ಅವರು ಹೊಸದಾಗಿ ಆಧಾರ್ ಕೇಳಿದರೆ ಕಾಲೇಜಿನ ಗುರುತಿನ ಚೀಟಿ ಸಾಕೇ ಎಂದು ವಿಚಾರಿಸಿ. ಮಾಹಿತಿ ಅಳಿಸಲು ಹೋಗಿ ಇನ್ನಷ್ಟು ಮಾಹಿತಿ ಕೊಟ್ಟು ಬರುವಂತಾಗಬಾರದು.

‘ಖಾತೆ ಅಳಿಸಿ’ ಎಂದಷ್ಟೇ ಬರೆದರೆ ರೆಕಾರ್ಡ್ ಆದ ತರಗತಿಯಲ್ಲಿರುವ ನಿಮ್ಮ ಮುಖ, ಧ್ವನಿ ಹಾಗೇ ಉಳಿಯಬಹುದು, ಏಕೆಂದರೆ ಅದು ಇಡೀ ತರಗತಿಯ ಕಡತ. ದಿನಾಂಕ, ವಿಷಯ ಹೆಸರಿಸಿ ಆ ಭಾಗ ತೆಗೆಯಲು ಪ್ರತ್ಯೇಕವಾಗಿ ಕೇಳಿ. ‘ಗೂಗಲ್ ಮೂಲಕ ಲಾಗಿನ್’ ಆಗಿದ್ದರೆ ನಿಮ್ಮ ಗೂಗಲ್ ಖಾತೆಯ ‘ಸೆಕ್ಯುರಿಟಿ’ ಭಾಗದಲ್ಲಿ ಆ ಆ್ಯಪ್‌ನ ಸಂಪರ್ಕ ಕಡಿಯಿರಿ. ಆದರೆ ಅದರಿಂದ ಕೋಚಿಂಗ್‌ನವರ ಬಳಿ ಇರುವುದು ಅಳಿಯುವುದಿಲ್ಲ.

ಫ್ಲೆಕ್ಸ್ ವಿಷಯದಲ್ಲಿ ನಿಮ್ಮ ಕೈ ಇನ್ನೂ ಬಲವಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಹೆಸರು, ಫೋಟೊ ಬಳಸಲು ಲಿಖಿತ ಒಪ್ಪಿಗೆ ಬೇಕು. ಅದನ್ನೂ ಪರೀಕ್ಷೆಯಲ್ಲಿ ಯಶಸ್ಸು ಬಂದ ಮೇಲೆ ಪಡೆಯಬೇಕು, ಸೇರುವಾಗಲೇ ಸಹಿ ಹಾಕಿಸಿಕೊಂಡರೆ ಸಾಲದು. ಫ್ಲೆಕ್ಸಿನ ಒಂದು ಫೋಟೊ ತೆಗೆದಿಟ್ಟುಕೊಂಡು, ಫ್ಲೆಕ್ಸನ್ನು ಇಳಿಸಿ ಎಂದು ಕೋಚಿಂಗ್‌ನವರಿಗೆ ಬರೆಯಿರಿ. ಒಪ್ಪದಿದ್ದರೆ 1915ಕ್ಕೆ ದೂರು ಕೊಡಿ.

ಕಾನೂನಿನ ಸ್ಥಿತಿಯನ್ನೂ ನೇರವಾಗಿ ಹೇಳಿಬಿಡುತ್ತೇನೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ತಿದ್ದುಪಡಿ ಮತ್ತು ಅಳಿಸುವಿಕೆ ಕೇಳುವ ಹಕ್ಕು ಅದರಲ್ಲಿದೆ. 18 ತುಂಬದವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಶಾಲಾ ಕಾಲೇಜುಗಳ ಕಲಿಕೆಯ ಕೆಲಸಕ್ಕೆ ಕೆಲವು ವಿನಾಯಿತಿಗಳಿವೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ ಸಿದ್ಧವಾಗಲು ಹದಿನೆಂಟು ತಿಂಗಳ ಅವಕಾಶ ಕೊಟ್ಟಿರುವುದರಿಂದ ಮುಖ್ಯ ಹಕ್ಕುಗಳಿಗೆ ಪೂರ್ತಿ ಬಲ ಬರುವುದು 2027ರ ಮೇ ತಿಂಗಳಿಗೆ. ಹಾಗೆಂದು ಅಲ್ಲಿಯವರೆಗೆ ಕಾಯಬೇಕಿಲ್ಲ. ಗ್ರಾಹಕರ ಕಾನೂನು ಈಗಲೂ ನಿಮ್ಮ ಜೊತೆಗಿದೆ. ಇವತ್ತು ಬರೆದ ಪತ್ರ ನಾಳೆಯ ದೂರಿಗೆ ದಾಖಲೆಯೂ ಆಗುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ‘ನಿಮ್ಮ ಮಗುವಿಗೆ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ’ ಎಂದು ನಮ್ಮ ಮಕ್ಕಳ ಮನೆಗಳಿಗೆ ಕರೆ ಬರುತ್ತಿದೆ. ಮಗುವಿನ ಹೆಸರು, ಶಾಲೆ ಸರಿಯಾಗಿ ಹೇಳುತ್ತಾರಂತೆ. ನಾವು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಂಚಿದ ಗೂಗಲ್ ಶೀಟ್‌ನಿಂದಲೇ ಸೋರಿರಬಹುದೇ ಎಂದು ನಿದ್ದೆ ಬರುತ್ತಿಲ್ಲ.
— ಒಬ್ಬ ಶಿಕ್ಷಕಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನಿಮ್ಮ ಆತಂಕ ನಿಮ್ಮ ಕಾಳಜಿಯನ್ನು ತೋರಿಸುತ್ತದೆ. ಆದರೆ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಇಂಥ ವಿವರ ಸೋರುವ ಬಾಯಿಗಳು ಹಲವು, ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ಸೋರಿದೆ. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಅನ್‌ಅಕಾಡೆಮಿಯ ಸುಮಾರು 2.2 ಕೋಟಿ ಬಳಕೆದಾರರ ದಾಖಲೆಗಳು ಅಂತರ್ಜಾಲದಲ್ಲಿ ಮಾರಾಟಕ್ಕಿವೆ ಎಂದು ಒಂದು ಸೈಬರ್ ಭದ್ರತಾ ಸಂಸ್ಥೆ ತಿಳಿಸಿತು. ಸಂಖ್ಯೆ ಅದರರ್ಧದಷ್ಟು ಎಂದು ಕಂಪನಿ ಹೇಳಿತು. ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆಯ ಕಡತಗಳು ಕಾವಲಿಲ್ಲದ ಸರ್ವರ್ ಒಂದರಲ್ಲಿ ತೆರೆದಿದ್ದವು ಎಂದು 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ವರದಿ ಮಾಡಿತು. ಅವುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್, ಇಮೇಲ್ ಇದ್ದವು. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಹೆಸರು, ಶಾಲೆಯೂ ಇದ್ದವು.

ಸೋರಿದ್ದನ್ನು ವಾಪಸ್ ತುಂಬಿಸಲಾಗದು, ಆದರೆ ಅದರಿಂದ ಹಾನಿಯಾಗದಂತೆ ಮಾಡಬಹುದು. ಹೆಸರು, ಶಾಲೆ ಗೊತ್ತಿದ್ದ ಮಾತ್ರಕ್ಕೆ ಯಾರೂ ಬ್ಯಾಂಕಿನಿಂದ ಹಣ ತೆಗೆಯಲಾರರು. ಅವರಿಗೆ ಬೇಕಾದ್ದು ಒಟಿಪಿ. ವಿದ್ಯಾರ್ಥಿವೇತನ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಅದಕ್ಕಾಗಿ ಯಾವ ಅಧಿಕಾರಿಯೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ‘ಮಗುವಿನ ಹೆಸರು ಸರಿಯಾಗಿ ಹೇಳಿದರು’ ಎಂಬುದು ನಂಬಲು ಕಾರಣವಲ್ಲ ಎಂಬ ಒಂದು ಮಾತನ್ನು ಪೋಷಕರಿಗೆ ಮನದಟ್ಟು ಮಾಡಿಸಿ. ತೆಲುಗು, ಉರ್ದು ಮಾತಾಡುವ ಮನೆಗಳಿಗೆ ಅವರ ಭಾಷೆಯಲ್ಲೇ ಹೇಳಿಸಿ. ಹಣ ಕಳೆದುಕೊಂಡವರಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ಚಿಕ್ಕಬಳ್ಳಾಪುರದ ಸಿಇಎನ್ ಠಾಣೆಗೆ (ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ) ದೂರು ಕೊಡಲಿ.

ಇನ್ನು ನಿಮ್ಮ ಗೂಗಲ್ ಶೀಟ್. ಅದನ್ನು ತೆರೆದು ‘ಶೇರ್’ ಒತ್ತಿ ನೋಡಿ. ‘ಎನಿವನ್ ವಿತ್ ದ ಲಿಂಕ್’ ಎಂದಿದ್ದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ಓದಬಹುದು ಎಂದರ್ಥ. ಅದನ್ನು ‘ರಿಸ್ಟ್ರಿಕ್ಟೆಡ್’ ಮಾಡಿ, ಬೇಕಾದ ಸಹೋದ್ಯೋಗಿಗಳ ಇಮೇಲ್ ಮಾತ್ರ ಸೇರಿಸಿ. ವಿವರಗಳನ್ನು ಎಸ್‌ಎಟಿಎಸ್‌ಗೆ ತುಂಬಿಯಾದ ಮೇಲೆ ಶೀಟನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ. ಆಧಾರ್, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ಗ್ರೂಪಿಗೆ ಹಾಕಲೇಬೇಡಿ. ಅಂಕಪಟ್ಟಿಯ ಫೋಟೊವನ್ನು ಆಯಾ ಪೋಷಕರಿಗೆ ಬೇರೆಬೇರೆಯಾಗಿ ಕಳಿಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನ ಪಾಠ ನೋಡಲು ಮಕ್ಕಳು ದೀಕ್ಷಾದಲ್ಲಿ ಖಾತೆ ತೆರೆಯಬೇಕಿಲ್ಲ, ‘ಗೆಸ್ಟ್’ ಆಗಿ ನೋಡಿದರೂ ಸಾಕು. ಕೊಡದ ಮಾಹಿತಿಯನ್ನು ಯಾರೂ ಅಳಿಸಿಸಬೇಕಾಗಿಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹತ್ತು ನಿಮಿಷ ಇದಕ್ಕೆ ಕೇಳಿ ಪಡೆಯಿರಿ. 1930, 1909, 1915 ಈ ಮೂರು ಸಂಖ್ಯೆಗಳನ್ನು ಬಿಸಿಯೂಟದ ಪಟ್ಟಿ ಬರೆಯುವ ಫಲಕದ ಪಕ್ಕದಲ್ಲೇ ಬರೆಸಿ. ಯಾವುದು ಯಾತಕ್ಕೆ ಎಂದು ಮಕ್ಕಳಿಂದಲೇ ಹೇಳಿಸಿ, ಮನೆಗೆ ಸುದ್ದಿ ಮುಟ್ಟಿಸುವವರು ಅವರೇ.